ಎಡಗಡೆಯ ಪರದೆ

"ಈ ಕಾರಿಗೆ ತೂಕಾನೇ ಇಲ್ಲ. ಇದನ್ನ ಕಾರು ಅಂತ ಕರೆದವರು ಯಾರು?"

ನಮಸ್ಕಾರವಿಲ್ಲ, ಪರಿಚಯವಿಲ್ಲ. ಆಟದ ಸ್ಟೇರಿಂಗ್ ಹಿಡಿದು ಎರಡು ತಿರುವು ದಾಟುವಷ್ಟರಲ್ಲಿ ಆತ ಆಡಿದ ಮೊದಲ ಮಾತು ಇದು. ಪಕ್ಕದ ಮೇಜಿನಲ್ಲಿದ್ದ ಅವಳ ಮುಖ ಕೆಂಪಾಯಿತು. ಆ ಆಟಕ್ಕೆ ಹತ್ತಕ್ಕೆ ಒಂಬತ್ತು ಕೊಟ್ಟು ಅರ್ಧ ಲೇಖನ ಬರೆದಿಟ್ಟಿದ್ದವಳು ಅವಳೇ ತಾನೆ! ಆತ ಅವಳ ಕಂಪ್ಯೂಟರಿನಲ್ಲಿದ್ದ ಆ ಲೇಖನವನ್ನು ಇಣುಕಿ ನೋಡಿದ.

"ನೀವು ಕಾರು ಓಡಿಸ್ತೀರಾ ಮೇಡಂ?"

"ಇಲ್ಲ."

"ಹಾಗಾದ್ರೆ ಒಂಬತ್ತು ಹೇಗೆ ಕೊಟ್ರಿ?"

ಎಂಥ ಒರಟ ಅಂತ ಮನಸ್ಸಿನಲ್ಲೇ ಬೈದುಕೊಂಡಳು. ಬೈದುಕೊಳ್ಳುತ್ತಲೇ ಒಂಬತ್ತನ್ನು ಅಳಿಸಿ ಆರು ಮಾಡಿದಳು.

ಅದೊಂದು ಸಣ್ಣ ಕಂಪ್ಯೂಟರ್ ಪತ್ರಿಕೆಯ ಕಚೇರಿ. ಎರಡನೇ ಮಹಡಿ, ಕೆಳಗೆ ಲಾಂಡ್ರಿ. ಮಧ್ಯಾಹ್ನವಾದರೆ ಇಸ್ತ್ರಿಯ ಬಿಸಿ ವಾಸನೆ ಮೆಟ್ಟಿಲು ಹತ್ತಿ ಒಳಗೆ ಬರುತ್ತಿತ್ತು. ಸಂಚಿಕೆಗೊಂದರಂತೆ ಮೂರು ರೇಸಿಂಗ್ ಆಟಗಳನ್ನು ಹೋಲಿಸಿ ನೋಡಬೇಕೆಂದು ಸಂಪಾದಕರು ಹಟ ಹಿಡಿದಿದ್ದರು. ಸಾಧಾರಣ ಕಂಪ್ಯೂಟರಿನಲ್ಲಿ ಯಾವುದು ತಡವರಿಸದೆ ಓಡುತ್ತದೆ? ನಿಜವಾದ ರಸ್ತೆಯ ಅನುಭವ ಯಾವುದರಲ್ಲಿ ಸಿಗುತ್ತದೆ?

ಮೊದಲನೆಯ ಪ್ರಶ್ನೆ ಅವಳ ಪಾಲಿನ ಕೆಲಸ. ಸೆಕೆಂಡಿಗೆ ಎಷ್ಟು ಚಿತ್ರ ಪರದೆಯ ಮೇಲೆ ಮೂಡುತ್ತವೆ, ಎಲ್ಲಿ ಒಂದೆರಡು ತಪ್ಪಿಹೋಗುತ್ತವೆ, ಎಲ್ಲ ಅವಳ ಲೆಕ್ಕದಲ್ಲಿ ಇರಬೇಕು. ಮೂರು ಸಲ ಅಳೆಯದೆ ಒಂದು ಅಂಕಿಯನ್ನೂ ಅಚ್ಚಿಗೆ ಕೊಟ್ಟವಳಲ್ಲ. ಎರಡನೆಯದಕ್ಕೆ ಸಂಪಾದಕರು ಹಿಡಿದು ತಂದದ್ದೇ ಈ ಆಸಾಮಿಯನ್ನು. ಹದಿನಾಲ್ಕು ವರ್ಷದಿಂದ ಜನಕ್ಕೆ ಕಾರು ಕಲಿಸುತ್ತಿದ್ದ ಆತನನ್ನು ಎಲ್ಲರೂ ಕರೆಯುತ್ತಿದ್ದದ್ದು ಮೇಷ್ಟ್ರು ಅಂತಲೇ.

ಪ್ರತಿ ಗುರುವಾರ ಮಧ್ಯಾಹ್ನ, ಇಬ್ಬರು ಶಿಷ್ಯರ ಪಾಠದ ನಡುವೆ ಬಿಡುವು ಮಾಡಿಕೊಂಡು ಆತ ಬರುತ್ತಿದ್ದ. ಗುಜರಿ ಕಾರಿನಿಂದ ಕಿತ್ತು ತಂದ ಸೀಟು, ಎದುರಿಗೊಂದು, ಎಡಬಲಕ್ಕೊಂದೊಂದು ಅಂತ ಮೂರು ದೊಡ್ಡ ಪರದೆ. ಕೂತ ತಕ್ಷಣ ಆತನ ಕೈ ಇಲ್ಲದ ಸೀಟ್ ಬೆಲ್ಟನ್ನು ಹುಡುಕುತ್ತಿತ್ತು. ಆಮೇಲೆ ಅವಳ ಕಡೆ ತಿರುಗಿ, "ಹೊರಡೋಣ್ವಾ?" ಅಂತ ಕೇಳುತ್ತಿದ್ದ, ಅವಳನ್ನೂ ಕೂರಿಸಿಕೊಂಡು ಹೋಗುವವನ ಹಾಗೆ.

ಆ ಒಂದು ಪ್ರಶ್ನೆಗೆ ಅವಳು ವಾರವಿಡೀ ಕಾಯತೊಡಗಿದಳು... ಗುರುವಾರ ಮಾತ್ರ ಎರಡೆರಡು ಸಲ ತಲೆ ಬಾಚುತ್ತೀಯಲ್ಲ, ಕಂಪ್ಯೂಟರಿಗೆ ನಿನ್ನ ಮುಖ ಕಾಣುತ್ತದೆಯೇ ಅಂತ ಅಕ್ಕ ಕಾಲೆಳೆದಳು.

ಮೊದಲ ಆಟದಲ್ಲಿ ಆತ ಹೇಳಿದ ದೊಡ್ಡ ದೋಷ ಒಂದೇ. ಎಡಗಡೆಯಿಂದ ಮುನ್ನುಗ್ಗುವ ಗಾಡಿಗಳು ದೂರದಲ್ಲಿ ಕಾಣುವುದೇ ಇಲ್ಲ, ಪಕ್ಕಕ್ಕೆ ಬಂದ ಮೇಲೆ ದಿಢೀರನೆ ಪ್ರತ್ಯಕ್ಷವಾಗುತ್ತವೆ. ಆಟ ಆ ಚಿತ್ರವನ್ನು ತಡವಾಗಿ ಬಿಡಿಸುತ್ತಿದೆ ಅಂತ ಆತನ ವಾದ. ಅವಳು ಅದನ್ನು ಹಾಗೆಯೇ ಬರೆದಳು, ಪತ್ರಿಕೆಯಲ್ಲಿ ಅಚ್ಚಾಯಿತು. ಅಂದು ಮಾತ್ರ ಅವಳು ಅಳೆದು ನೋಡಿರಲಿಲ್ಲ. ಹೇಳಿದವನು ಅವನಲ್ಲವೇ!

ಎರಡನೇ ಆಟಕ್ಕೂ ಅದೇ ದೂರು. ಮೂರನೆಯದಕ್ಕೂ ಅದೇ.

ಬೇರೆ ಬೇರೆ ಕಂಪನಿಗಳು ಮಾಡಿದ ಮೂರು ಆಟಗಳಲ್ಲಿ ಒಂದೇ ತಪ್ಪು, ಒಂದೇ ಜಾಗದಲ್ಲಿ! ಅವಳಿಗೆ ಅನುಮಾನ ಬಂತು. ಆತ ಆಡಿದ್ದರ ವಿಡಿಯೊ ದಾಖಲೆ ತೆರೆದು ಒಂದೊಂದೇ ಚಿತ್ರ ನಿಲ್ಲಿಸುತ್ತ ನೋಡಿದಳು. ಹಳದಿ ಕಾರು ಎಡ ಪರದೆಯ ಅಂಚಿಗೆ ಬಂದಿತ್ತು. ಅಲ್ಲಿಂದ ಎಣಿಸಿದಳು. ಆತನ ಕಾಲು ಬ್ರೇಕಿಗೆ ಹೋದದ್ದು ತೊಂಬತ್ತು ಚಿತ್ರಗಳ ನಂತರ. ಅಂದರೆ, ಸೆಕೆಂಡಿಗೆ ಅರವತ್ತು ಚಿತ್ರದಂತೆ, ಒಂದೂವರೆ ಸೆಕೆಂಡು.

ಉಳಿದ ಎರಡು ಆಟಗಳಲ್ಲೂ ಹಾಗೆಯೇ. ಬಲಗಡೆಯ ಗಾಡಿಗಳಿಗೆ ಮಾತ್ರ ಆತನ ಕಾಲು ಕ್ಷಣವೂ ತಡಮಾಡಿರಲಿಲ್ಲ.

ಆಟ ತಡಮಾಡುತ್ತಿರಲಿಲ್ಲ. ಆತನಿಗೆ ಎಡಗಡೆ ಕಾಣುತ್ತಿರಲಿಲ್ಲ.

ದೇವರೇ, ನನ್ನ ಎಣಿಕೆ ತಪ್ಪಿರಲಿ... ಮತ್ತೆ ಎಣಿಸಿದಳು. ತಪ್ಪಿರಲಿಲ್ಲ.

ಮುಂದಿನ ಗುರುವಾರ ಆತ ಬರುವ ಮೊದಲೇ ಎಡ ಪರದೆಯನ್ನು ಒಂದು ಗೇಣು ಮಧ್ಯಕ್ಕೆ ಸರಿಸಿದಳು. ಖಚಿತ ಮಾಡಿಕೊಳ್ಳುವ ನೆವ. ಇನ್ನೂ ಸ್ವಲ್ಪ ದಿನ ಆತನಿಗೆ ಇದು ಗೊತ್ತಾಗದಿರಲಿ ಎಂಬ ಆಸೆ ಅದಕ್ಕಿಂತ ದೊಡ್ಡದಿತ್ತು. ಆತ ಒಂದು ಡಿಕ್ಕಿಯೂ ಇಲ್ಲದೆ ಓಡಿಸಿದ. ಖುಷಿಯಾಗಿ ಏಳುವಾಗ ಮೇಜಿನ ಧೂಳಿನಲ್ಲಿ ಪರದೆಯ ಹಳೆಯ ಗುರುತು ಕಣ್ಣಿಗೆ ಬಿತ್ತು. ಶಿಷ್ಯರು ಕದಲಿಸಿದ ಕನ್ನಡಿಗಳನ್ನು ದಿನವೆಲ್ಲ ಸರಿಪಡಿಸುವವನಿಗೆ ಅಷ್ಟು ಸಾಕಾಗಿತ್ತು.

"ಇದನ್ನ ಸರಿಸಿದ್ಯಾರು?"

"ನಾನೇ..."

"ಯಾಕೆ?"

ಅವಳು ಪರದೆಯನ್ನು ಹಳೆಯ ಗುರುತಿಗೆ ಸರಿಸತೊಡಗಿದಳು. ಆತ ಮೇಜಿನ ಮೇಲಿದ್ದ ಪತ್ರಿಕೆಯನ್ನು ತಿರುವಿ ಹಾಕಿದ. ಹಿಂಬದಿಯ ರಕ್ಷಾಪುಟದ ತುಂಬ ಆತ ಈಗಷ್ಟೇ ಆಡಿದ ಆಟದ ಜಾಹೀರಾತು.

"ಜಾಹೀರಾತು ಕೊಟ್ಟವರಿಗೆ ಒಳ್ಳೇ ಅಂಕ ಬರ್ಲಿ ಅಂತ ತಾನೆ? ನಿಮ್ಮೊಬ್ಬರನ್ನ ಪ್ರಾಮಾಣಿಕರು ಅಂದ್ಕೊಂಡಿದ್ದೆ ಮೇಡಂ."

ಆತ ಮೆಟ್ಟಿಲಿಳಿದು ಹೋದ. ಒಂದೇ ಒಂದು ಮಾತು ಹೇಳಿದ್ದರೆ ಅವಳ ಮೇಲಿನ ಆರೋಪ ಕರಗಿಹೋಗುತ್ತಿತ್ತು. ಅದೇ ಮಾತು ಆತನ ಹದಿನಾಲ್ಕು ವರ್ಷದ ಕೆಲಸವನ್ನೂ ಕಿತ್ತುಕೊಳ್ಳುತ್ತಿತ್ತು. ನನ್ನನ್ನು ಕಳ್ಳಿ ಅಂದುಕೊಂಡರೂ ಸರಿ ಅಂತ ಅವಳು ಬಾಯಿ ಮುಚ್ಚಿಕೊಂಡಳು. ಆದರೆ ಆತ ಹೋದದ್ದು ಎಲ್ಲಿಗೆ? ಸೀದಾ ರಸ್ತೆಗೆ, ಇನ್ನೊಬ್ಬರ ಜೀವವನ್ನು ಪಕ್ಕದಲ್ಲಿ ಕೂರಿಸಿಕೊಂಡು...

ಮಾರನೆಯ ದಿನ ಊಟ ಬಿಟ್ಟು ಕೂತವಳಿಂದ ಅಕ್ಕ ಎಲ್ಲವನ್ನೂ ಬಾಯಿ ಬಿಡಿಸಿದಳು. ಈ ಸಲ ಅಕ್ಕ ತಮಾಷೆ ಮಾಡಲಿಲ್ಲ.

"ಅವರಿಗೆ ನಿನ್ನ ಮೇಲೆ ಕೋಪ ಬರೋದು ದೊಡ್ಡದಾ, ರಸ್ತೇಲಿ ನಡೆಯೋರ ಪ್ರಾಣ ದೊಡ್ಡದಾ? ಮೊದಲು ಹೋಗಿ ಹೇಳು."

ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಎದೆಗವಚಿಕೊಂಡು ಡ್ರೈವಿಂಗ್ ಶಾಲೆಯ ಅಂಗಳಕ್ಕೆ ಹೋದಳು. ಆತ ಕಾರಿನ ಗಾಜು ಒರೆಸುತ್ತಿದ್ದ. ಅವಳು ಆತನ ಎಡಕ್ಕೆ ಎರಡು ಮಾರು ದೂರದಲ್ಲಿ ಬಂದು ನಿಂತಳು. ಆತ ತಿರುಗಲಿಲ್ಲ. ಅದು ಕೋಪಕ್ಕೆ ಆಗಿದ್ದರೆ ಎಷ್ಟು ಚೆನ್ನಾಗಿತ್ತು! ಅವಳು ಮಾತಾಡಿಸಿದಾಗ ಆತ ಬೆಚ್ಚಿಬಿದ್ದ.

ಅವಳು ಏನೂ ವಾದಿಸಲಿಲ್ಲ. ಬಾನೆಟ್ ಮೇಲೆ ಲ್ಯಾಪ್‌ಟಾಪ್ ಇಟ್ಟು ದಾಖಲೆ ತೋರಿಸಿದಳು. ಗಾಡಿ ಬಂದದ್ದು ಇಲ್ಲಿ, ನೀವು ಬ್ರೇಕ್ ಹಾಕಿದ್ದು ಇಲ್ಲಿ. ಮೂರು ಆಟ, ಮೂರು ಸಲ.

ಆತ ಒರೆಸುವ ಬಟ್ಟೆಯನ್ನು ಮಡಚಿ ಬಾನೆಟ್ ಮೇಲಿಟ್ಟ.

"ನಾಲ್ಕು ತಿಂಗಳ ಹಿಂದೆ ಗೇಟಿನ ಕಂಬಕ್ಕೆ ಎಡಗಡೆ ಉಜ್ಜಿಬಿಟ್ಟೆ," ಎಂದ ಕೊನೆಗೆ. "ಆಮೇಲೊಂದು ಸೈಕಲ್ಲು, ಕೂದಲೆಳೆಯಲ್ಲಿ ತಪ್ಪಿತು. ಭಯ ಆಯ್ತು. ಆಗ್ಲೇ ನಿಮ್ಮ ಸಂಪಾದಕರು ಕರೆದ್ರು. ಅಲ್ಲಾದ್ರೆ ಡಿಕ್ಕಿ ಹೊಡೆದ್ರೂ ಯಾರೂ ಸಾಯಲ್ಲ, ನನ್ನ ಕಣ್ಣನ್ನ ನಾನೇ ಪರೀಕ್ಷೆ ಮಾಡ್ಕೋಬಹುದು ಅಂತ ಒಪ್ಕೊಂಡೆ."

ಜೇಬಿನಿಂದ ಮಡಚಿದ ಕಾಗದ ತೆಗೆದ. ಅವಳ ಲೇಖನದ ಪುಟ.

"ಆಟದ್ದೇ ತಪ್ಪು ಅಂತ ನೀವು ಬರೆದ್ರಿ. ಲೆಕ್ಕ ತಪ್ಪದವರು ಬರೆದಿದ್ದಾರೆ, ನನ್ನ ಕಣ್ಣು ಸರಿಯಾಗೇ ಇದೆ ಅಂತ ಧೈರ್ಯ ಬಂತು. ಅವತ್ತಿಂದ ಮತ್ತೆ ನೆಮ್ಮದಿಯಾಗಿ ಗಾಡಿ ತೆಗೆದೆ."

ಇಷ್ಟು ದಿನ ಆತನನ್ನು ರಸ್ತೆಯ ಮೇಲೆ ಇಟ್ಟದ್ದು ಅವಳ ಬರಹವೇ!

"ನಾನು ಅಳೀಲೇ ಇಲ್ಲ ಮೇಷ್ಟ್ರೇ..." ಅವಳಿಗೆ ಅಳು ಒತ್ತರಿಸಿ ಬಂತು. "ನೀವು ಹೇಳಿದ್ರಿ ಅಂತ ಬರೆದೆ."

"ಯಾಕೆ?"

"ನೀವು ಅಂದ್ರೆ ನನಗೆ ಇಷ್ಟ. ನಿಮ್ಮ ಮಾತನ್ನ ಪರೀಕ್ಷೆ ಮಾಡೋಕೆ ಮನಸ್ಸು ಬರಲಿಲ್ಲ. ಅದರಿಂದ ಯಾರಿಗಾದ್ರೂ ಏನಾದ್ರೂ ಆಗಿದ್ದಿದ್ರೆ..."

ಆತ ಅಂದಿನ ಶಿಷ್ಯರಿಗೆಲ್ಲ ಫೋನ್ ಮಾಡಿ ಪಾಠ ಇಲ್ಲ ಎಂದ. ಇಬ್ಬರೂ ಬಸ್ಸಿನಲ್ಲಿ ಕಣ್ಣಿನ ಆಸ್ಪತ್ರೆಗೆ ಹೋದರು.

ಎಡಗಣ್ಣಿನೊಳಗೆ ಒತ್ತಡ ಏರಿ ನರ ಒಣಗುತ್ತ ಬಂದಿದೆ ಎಂದರು ಡಾಕ್ಟರು. ಹೋದ ದೃಷ್ಟಿ ಹಿಂದಿರುಗದು, ಔಷಧಿ ಹಾಕಿದರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು, ಕಾರು ಮಾತ್ರ ಇನ್ನು ಬೇಡ. ಹದಿನಾಲ್ಕು ವರ್ಷದ ಮೇಷ್ಟರಿಕೆ ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಹೊರಗೆ ಕಾರಿಡಾರಿನಲ್ಲಿ ಕಾಯುತ್ತಿದ್ದ ಅವಳು ತಪ್ಪೊಪ್ಪಿಗೆಯ ಎರಡು ಸಾಲು ಬರೆದು ಸಂಪಾದಕರಿಗೆ ಕಳಿಸಿದಳು. ಆಟದಲ್ಲಿ ದೋಷವಿಲ್ಲ, ಅಳೆಯದೆ ಬರೆದದ್ದು ನನ್ನ ದೋಷ. ಅದರ ಹೊರತು ಅವಳ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಆತ ಹೊರಬಂದು ಬೆಂಚಿನ ಮೇಲೆ ಕುಸಿದು ಕೂತ. ಅವಳು ಹೋಗಿ ಆತನ ಎಡಕ್ಕೆ ಕೂತಳು.

"ಈ ಕಡೆ ಬನ್ನಿ," ಎಂದ ಆತ. "ಅಲ್ಲಿ ಕೂತ್ರೆ ನೀವು ನನಗೆ ಕಾಣಲ್ಲ."

"ಗೊತ್ತು. ಅದಕ್ಕೇ ಇಲ್ಲಿ ಕೂತಿದ್ದು."

"ನಾಳೆಯಿಂದ ನಾನು ಏನು ಮಾಡ್ಬೇಕು ಅಂತಾನೇ ತೋಚ್ತಿಲ್ಲ. ನನ್ನಂಥವನ ಪಕ್ಕ ಯಾಕೆ ಕೂರ್ತೀರಿ?"

"ನನಗೂ ಏನೂ ತೋಚ್ತಿಲ್ಲ. ಆದ್ರೂ ಎದ್ದು ಹೋಗೋಕೆ ಆಗ್ತಿಲ್ಲ."

ಆತನ ಎಡಗೈ ಮೆಲ್ಲಗೆ ಅವಳ ಕಡೆ ಬಂತು. ಮೊದಲ ಸಲ ಗುರಿ ತಪ್ಪಿ ಖಾಲಿ ಬೆಂಚಿನ ಮೇಲೆ ಬಿತ್ತು. ಅವಳು ತನ್ನ ಅಂಗೈಯನ್ನು ಆತನ ಬೆರಳುಗಳ ಕೆಳಗೆ ಸರಿಸಿದಳು.

"ಸಿಕ್ತಾ?"

"ಸಿಕ್ತು... ಬಿಡ್ಬೇಡ."