ಮಂಗಳವಾರದ ಗಿರಾಕಿ

"ಇದು ಬೆಳ್ಳಿ ಅಲ್ಲ!"

ಮೇಘಶ್ರೀ ಹಾಗೆ ಖಡಾಖಂಡಿತವಾಗಿ ಹೇಳಿದ್ದೇ ತಡ, ಎದುರಿಗೆ ನಿಂತವನ ಮುಖ ಸಪ್ಪಗಾಯಿತು.

"ಇನ್ನೊಮ್ಮೆ ನೋಡ್ರೀ ಮೇಡಂ... ಇದನ್ನ ಕೊಟ್ಟವ್ರು ಸುಳ್ಳು ಹೇಳೋ ಮನುಷ್ಯಾ ಅಲ್ರೀ."

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಚಿದಾನಂದ್ ಅವರ ಹಳೆಯ ವಸ್ತುಗಳ ಅಂಗಡಿ. ಅಲ್ಲಿಗೆ ಬರುವ ಲೋಹದ ಸಾಮಾನು ಎಂಥದ್ದು, ಯಾವ ಕಾಲದ್ದು, ಎಷ್ಟು ಬಾಳುತ್ತದೆ ಎಂದು ಗುರುತಿಸುವುದು ಮೇಘಶ್ರೀಯ ಕೆಲಸ. ಅಪ್ಪ ಜಯದೇವಪ್ಪನವರ ಪಾತ್ರೆ ಅಂಗಡಿಯಲ್ಲೇ ಆಡಿ ಬೆಳೆದವಳು. ಬೆರಳಿನಿಂದ ತಟ್ಟಿದರೆ ಸಾಕು, ಲೋಹ ಯಾವುದೆಂದು ಹೇಳಿಬಿಡುತ್ತಿದ್ದಳು.

ಅವನು ತಂದಿದ್ದ ಕಾಕ್‌ಟೇಲ್ ಶೇಕರನ್ನು, ಅಂದರೆ ಡ್ರಿಂಕ್ಸ್ ಕುಲುಕಿ ಬೆರೆಸುವ ಡಬ್ಬಿಯನ್ನು, ಅವಳು ಬೋರಲು ಹಾಕಿ, ಭೂತಗನ್ನಡಿ ಅವನ ಕೈಗೇ ಕೊಟ್ಟಳು.

"ನೀವೇ ನೋಡಿ. ತಳದಲ್ಲಿ ಇ.ಪಿ.ಎನ್.ಎಸ್. ಅಂತ ಒತ್ತಿದ್ದಾರಲ್ಲ? ಅಂದ್ರೆ ನಿಕ್ಕಲ್ ಬೆರೆತ ಲೋಹದ ಮೇಲೆ ಬೆಳ್ಳಿ ಲೇಪ. ಅಂಚಲ್ಲಿ ಸವೆದು ಒಳಗಿನ ಬಣ್ಣ ಕಾಣ್ತಿದೆ. ಆದ್ರೆ ಎಪ್ಪತ್ತು ವರ್ಷಕ್ಕೂ ಹಳೇದು. ಹೊಸದಾಗಿ ಲೇಪ ಮಾತ್ರ ಹಾಕಿಸ್ಬೇಡಿ, ಬೆಲೆ ಹೋಗುತ್ತೆ."

"ಮಾರಾಕ ತಂದಿಲ್ರೀ. ನನಗ ಕೆಲಸ ಕಲಿಸಿದ ಉಸ್ತಾದ್ರು ರಿಟೈರ್ ಆಗೋ ಮುಂದ ಕೊಟ್ಟಿದ್ದು. ಏನಂತ ತಿಳ್ಕೊಂಡ್ರ ಸಾಕು."

ಅವನ ಹೆಸರು ಮುತ್ತುರಾಜ. ಊರು ಮಸ್ಕಿಯ ಹತ್ತಿರ. ಬಿ.ಟಿ.ಎಂ.ನಲ್ಲಿ ಬಾಡಿಗೆ ರೂಮು, ಕೋಣನಕುಂಟೆಯ ಒಂದು ಬಾರಿನಲ್ಲಿ ಡ್ರಿಂಕ್ಸ್ ಬೆರೆಸುವ ಕೆಲಸ, ಮಂಗಳವಾರ ರಜೆ.

ಮುಂದಿನ ಮಂಗಳವಾರ ಮತ್ತೆ ಬಂದ! ಈ ಸಲ ಎರಡು ಬಾಯಿಯ ಒಂದು ಪುಟ್ಟ ಅಳತೆ ಬಟ್ಟಲು. ಅದರ ಮುಂದಿನ ವಾರ ಸುತ್ತಲೂ ಸ್ಪ್ರಿಂಗ್ ಇರುವ ಸೋಸುವ ಜಾಲರಿ. ಲೋಹ ಅವಳಿಗೆ ಗೊತ್ತಿತ್ತು, ಅದರ ಬಳಕೆ ಅವನಿಗೆ ಗೊತ್ತಿತ್ತು.

"ಈ ಸ್ಪ್ರಿಂಗ್ ಯಾಕ್ರೀ ಅಂದ್ರ, ಯಾವ ಗ್ಲಾಸಿಗಾದ್ರೂ ಗಟ್ಟಿ ಕೂಡ್ತದ. ಐಸ್ ತಡೀತದ, ರಸ ಬಿಡ್ತದ."

"ನೀವು ಕುಡೀತೀರಾ?" ಕೇಳಿಬಿಟ್ಟು ನಾಲಿಗೆ ಕಚ್ಚಿಕೊಂಡಳು.

"ನಮ್ಮಪ್ಪ ಕುಡ್ದಿದ್ದ ನೋಡೇನ್ರೀ. ಅದ್ಕ ನಾ ಮುಟ್ಟಂಗಿಲ್ಲ."

ಮೂರು ತಿಂಗಳು ಹೀಗೇ ಕಳೆಯಿತು. ಒಂದು ದಿನ ಅವನು ತಂದ ಚಮಚವನ್ನು ತಿರುಗಿಸಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ.

"ರೀ, ಇದು ಹೋದ ವಾರದ್ದು! ಬೆಲೆ ಚೀಟಿ ಕೂಡ ಕಿತ್ತಿಲ್ಲ!"

ಮುತ್ತುರಾಜ ನಾಚಿ ತಲೆ ಕೆರೆದುಕೊಂಡ. "ಹಳೇದು ಸಿಗಲಿಲ್ರೀ... ಮಂಗಳವಾರ ಬಂದೇಬಿಡ್ತು."

ಅಯ್ಯೋ ದೇವರೇ... ಇವನು ಬರುವುದು ಸಾಮಾನಿಗಾಗಿ ಅಲ್ಲ! ಅವಳು ಚಮಚವನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಅವನು ತಲೆ ಎತ್ತಿದ. "ಮೇಡಂ, ಒಂದು ಮಾತು ಹೇಳೋದಿತ್ತು..."

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಜಯದೇವಪ್ಪನವರು ಒಳಗೆ ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಮಗಳು ಮರೆತುಬಂದ ಊಟದ ಡಬ್ಬಿ. ಮೇಜಿನ ಮೇಲಿದ್ದ ಚಮಚವನ್ನು, ಮಗಳ ಕೆಂಪೇರಿದ ಮುಖವನ್ನು ನೋಡಿದರು.

"ಯಾರಮ್ಮ ಇವ್ರು?"

ಬೆದರಿದ ಮೇಘಶ್ರೀ ಡಬ್ಬಿಗೆ ಕೈಚಾಚಿದಳು. "ಯಾರೋ ಗಿರಾಕಿ ಅಪ್ಪಾ... ಹೆಸರೂ ಗೊತ್ತಿಲ್ಲ."

ಮುತ್ತುರಾಜ ಒಂದು ಕ್ಷಣ ಅವಳನ್ನೇ ನೋಡಿದ. ಚಮಚ ಜೇಬಿಗಿಟ್ಟುಕೊಂಡು, "ಬರ್ತೀನ್ರೀ" ಎಂದು ಹೊರಟುಹೋದ.

ಮುಂದಿನ ಮಂಗಳವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

'ತಪ್ಪಾಯ್ತು' ಎಂದು ಮೆಸೇಜ್ ಹಾಕಿದಳು. 'ಪರವಾಗಿಲ್ರೀ ಮೇಡಂ' ಎಂದು ಉತ್ತರ ಬಂತು. ಅಷ್ಟೇ. ಬೈದಿದ್ದರಾದರೂ ಸಮಾಧಾನವಾಗುತ್ತಿತ್ತು!

ಅವನು ಎಲ್ಲಿದ್ದಾನೆಂದು ಗೊತ್ತಿತ್ತು. ಜಯನಗರದಲ್ಲಿ ಮೆಟ್ರೋ ಹತ್ತಿದರೆ ಐದನೇ ಸ್ಟಾಪು. ಎರಡು ಸಲ ಹತ್ತಿದಳು, ಎರಡು ಸಲವೂ ಬನಶಂಕರಿಯಲ್ಲೇ ಇಳಿದು ವಾಪಸ್ ಬಂದಳು. ಹೋಗಿ ಏನೆಂದು ಹೇಳುವುದು? ಯಾವ ಮುಖ ಇಟ್ಟುಕೊಂಡು? ಮಂಗಳವಾರಗಳಲ್ಲಿ ಬಾಗಿಲ ಗಂಟೆ ಕಿಣಿ ಎಂದಾಗಲೆಲ್ಲ ಜೀವ ಎದ್ದು ನಿಲ್ಲುತ್ತಿತ್ತು. ಬರುತ್ತಿದ್ದವರು ಮಾತ್ರ ಬೇರೆ ಯಾರೋ...

ಎಂಟು ತಿಂಗಳಾದ ಮೇಲೆ ಜೆ.ಪಿ. ನಗರದ ಹಳೆಯ ಬಂಗಲೆಯೊಂದರಿಂದ ಒಂದು ಪೆಟ್ಟಿಗೆ ತುಂಬ ಬಾರ್ ಸಾಮಾನು ಬಂತು. ಐಸ್ ಬಕೆಟ್, ಇಕ್ಕಳ, ಜಾಲರಿಗಳು. ಅವಳು ಒಂದೊಂದರ ಗುರುತು, ಕಾಲ, ಬೆಲೆ ಬರೆದಳು. ಕೆಳಗೆ ಅದರ ಬಳಕೆಯನ್ನೂ ಬರೆದಳು.

ಓದಿದ ಚಿದಾನಂದ್ ಬೆರಗಾದರು. "ಐಸ್ ತಡೀತದೆ, ರಸ ಬಿಡ್ತದೆ... ಸಖತ್ತಾಗಿ ಬರ್ದಿದ್ದೀಯಮ್ಮ! ಇದೆಲ್ಲ ಯಾರು ಹೇಳ್ಕೊಟ್ರು?"

"ಮುತ್ತುರಾಜ," ಎಂದಳು.

ಆ ಹೆಸರನ್ನು ಇನ್ನೊಬ್ಬರೆದುರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು! ಮರುಕ್ಷಣ ಕಣ್ಣೀರು ಧಾರೆಯಾಗಿ ಇಳಿಯಿತು. ಚಿದಾನಂದ್ ನೀರಿನ ಬಾಟಲಿಯನ್ನು ಅವಳತ್ತ ಸರಿಸಿದರು.

ಅವಳು ನೇರ ಅಪ್ಪನ ಅಂಗಡಿಗೆ ನಡೆದಳು. ಜಯದೇವಪ್ಪನವರು ಕುಕ್ಕರುಗಳ ಧೂಳು ಒರೆಸುತ್ತಿದ್ದರು.

"ಅಪ್ಪಾ, ಅವತ್ತು ಡಬ್ಬಿ ತಂದಾಗ ಒಬ್ರು ಇದ್ರಲ್ಲ... ಹೆಸರು ಗೊತ್ತಿಲ್ಲ ಅಂದೆ. ಸುಳ್ಳು. ಮುತ್ತುರಾಜ ಅಂತ. ಬಾರಲ್ಲಿ ಕೆಲ್ಸ. ನಂಗೆ... ನಂಗೆ ಅವ್ರು ಬೇಕು ಅಪ್ಪಾ."

ಬಟ್ಟೆ ಹಿಡಿದ ಕೈ ನಿಂತಿತು. ಅವರು ಬಟ್ಟೆಯನ್ನು ನಿಧಾನವಾಗಿ ಮಡಚಿ ಪಕ್ಕಕ್ಕಿಟ್ಟರು.

"ನಂಗಿಷ್ಟ ಇಲ್ಲ ಮಗಳೇ," ಎಂದರು ಕೊನೆಗೆ. "ಬಾರ್ ಕೆಲ್ಸ ಅಂದ್ರೆ ನಂಗೆ ಆಗಲ್ಲ. ಆದ್ರೆ ಎದುರಿಗೆ ನಿಂತಿರೋ ಮನುಷ್ಯನ್ನ ಯಾರೋ ಅಂದ್ಬಿಟ್ಟೆಯಲ್ಲ, ನಾನು ಹಂಗೆ ಬೆಳೆಸಿದ್ನಾ ನಿನ್ನ? ಮೊದ್ಲು ಹೋಗಿ ಅದನ್ನ ಸರಿ ಮಾಡು. ಆಮೇಲೆ ಒಂದಿನ ಮನೆಗೆ ಕರ್ಕೊಂಬಾ, ಮುಖ ನೋಡಿ ಮಾತಾಡ್ತೀನಿ."

ಈ ಸಲ ಅವಳು ಬನಶಂಕರಿಯಲ್ಲಿ ಇಳಿಯಲಿಲ್ಲ.

ಮಧ್ಯಾಹ್ನದ ಬಾರ್ ಖಾಲಿಯಾಗಿತ್ತು. ಕೆಲಸದವರು ಕುರ್ಚಿ ಇಳಿಸುತ್ತಿದ್ದರು. ಕೌಂಟರಿನ ಹಿಂದೆ ಗ್ಲಾಸು ಒರೆಸುತ್ತಿದ್ದವನು ತಲೆ ಎತ್ತದೆ, "ಇನ್ನೂ ಓಪನ್ ಆಗಿಲ್ರೀ," ಎಂದ.

"ಮುತ್ತುರಾಜ!"

ಅವಳ ದನಿಗೆ ಎಲ್ಲರೂ ತಿರುಗಿದರು. ತಿರುಗಲಿ! ಅವಳು ಹಿಂಜರಿಯಲಿಲ್ಲ.

"ನಾನು ನಿಮ್ಮನ್ನ ಹುಡುಕ್ಕೊಂಡು ಬಂದೆ. ಅಪ್ಪನ ಹತ್ರ ನಿಮ್ಮ ಹೆಸರು ಹೇಳಿ ಬಂದಿದ್ದೀನಿ. ಅವತ್ತು ನಿಮ್ಮನ್ನ ಎಷ್ಟು ನೋಯಿಸಿದೆ ಅಂತ..."

ಅವನು ಮೆಲ್ಲಗೆ ಗ್ಲಾಸನ್ನು ಕೆಳಗಿಟ್ಟ. "ನೋವಿಗೆ ನಾ ದೂರ ಆಗ್ಲಿಲ್ರೀ. ನಿಮ್ಮ ಮುಖದಾಗ ಹೆದ್ರಿಕಿ ನೋಡಿದ್ನಿ. ನಾ ಬಂದ್ರ ನಿಮಗ ಮನ್ಯಾಗ ತ್ರಾಸ ಆಗ್ತದ ಅಂತ... ಪ್ರತಿ ಮಂಗಳವಾರ ರೂಮಿನಾಗ ಕುಂತು ಗಡಿಯಾರ ನೋಡೋದೇ ಆತು."

ಎಂಟು ತಿಂಗಳು... ಅವನಿಗೆ ನೋವಾಗಿದೆಯೆಂದು ಅವಳು, ಅವಳಿಗೆ ತೊಂದರೆಯಾಗುತ್ತದೆಯೆಂದು ಅವನು ದೂರವೇ ಉಳಿದಿದ್ದರು!

"ಅವತ್ತು ಏನೋ ಹೇಳೋದಿತ್ತು ಅಂದ್ರಿ..." ಅವಳು ಕೌಂಟರಿಗೆ ಇನ್ನಷ್ಟು ಹತ್ತಿರ ಬಂದಳು.

"ಭಾಳ ದಿನದಿಂದ ಅದ ಮೇಡಂ. ನೀವಂದ್ರ ನನಗ ಜೀವಾರೀ."

"ಮೇಡಂ ಅನ್ಬೇಡ. ಮೇಘಾ ಅನ್ನು."

ಅವನು ಅವಳ ಕಣ್ಣನ್ನೇ ನೋಡುತ್ತ ಉಸಿರೆಳೆದುಕೊಂಡ. "ಮೇಘಾ... ರೀ."

ಅಳುತ್ತಲೇ ಅವಳಿಗೆ ನಗು ಬಂತು. "ಆ ರೀ ಬಿಡು!"

"ರೂಢಿ ಆಗಾಕ ಟೈಮ್ ಬೇಕಲ್ಲ..."

"ಎಷ್ಟು ಬೇಕೋ ಅಷ್ಟು ತಗೋ. ನಾನೆಲ್ಲೂ ಹೋಗಲ್ಲ."