ಗೋಡೆಯಿಲ್ಲದ ತುದಿ

ನಾನು ಪ್ರಯೋಗಾಲಯದಲ್ಲಿ ಇಲಿ ನೋಡಿಕೊಳ್ಳುವವಳು. ಎಳೆ ಮರಿಗಳನ್ನು ದಿನವೂ ಮೂರು ಗಂಟೆ ತಾಯಿಯಿಂದ ಅಗಲಿಸಿದರೆ, ಬೆಳೆದ ಮೇಲೆ ಅವು ಎಷ್ಟು ಹೆದರುತ್ತವೆ ಎಂದು ಅಳೆಯುವುದು ನಮ್ಮ ಪ್ರೊಫೆಸರ್ ಕೆಲಸ. ತಾಯಿ ಇಲಿ ಪಂಜರದ ಸರಳು ಕಚ್ಚಿ ಕಚ್ಚಿ ಬಾಯೆಲ್ಲ ರಕ್ತ ಮಾಡಿಕೊಂಡಿತ್ತು.

"ಸರ್, ನಿಲ್ಲಿಸೋಣ," ಎಂದೆ.

"ಅದು ಇಲಿ ಕಣಮ್ಮ, ನಿಮ್ಮತ್ತೆ ಅಲ್ಲ," ಎಂದು ನಕ್ಕರು.

ಮರುದಿನ ಅದು ಸತ್ತಿತು. ಮರಿಗಳನ್ನು ನಾನೇ ಹನಿ ಹನಿ ಹಾಲು ಕುಡಿಸಿ ಉಳಿಸಿಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನ್ನು ಒಂದೊಂದಾಗಿ ಎತ್ತರದ ಹಲಗೆಯ ಮೇಲೆ ಬಿಟ್ಟೆವು. ಹಲಗೆಯ ಅರ್ಧಕ್ಕೆ ಗೋಡೆಯಿದೆ, ಅರ್ಧ ಬಯಲು. ಹೆದರಿದ ಇಲಿ ಗೋಡೆಯ ಮರೆ ಬಿಡುವುದಿಲ್ಲ. ಆದರೆ ಎಂಟು ಮರಿಗಳೂ ತಮ್ಮ ತಮ್ಮ ಸರದಿಯಲ್ಲಿ ನೇರವಾಗಿ ಬಯಲಿನ ತುದಿಗೆ ನಡೆದು, ಹಿಂಗಾಲ ಮೇಲೆ ನಿಂತು, ಪ್ರೊಫೆಸರ್ ಮುಖವನ್ನೇ ದಿಟ್ಟಿಸಿದವು. ಕೋಣೆ ತಣ್ಣಗಾಯಿತು. ತಾಯಿಯ ಖಾಲಿ ಪಂಜರದಿಂದ ಸರಳು ಕಚ್ಚುವ ಸದ್ದು ಬಂತು.

ಅವರು ಗೋಡೆಗೆ ಬೆನ್ನು ಒತ್ತಿಕೊಂಡೇ ಹೊರಗೆ ಹೋದರು. ನಿಜ ಹೇಳುತ್ತೇನೆ, ನನಗೆ ಒಳಗೊಳಗೇ ಖುಷಿಯಾಯಿತು.

ಮರುದಿನ ಅವರ ಹೆಂಡತಿ ಫೋನ್ ಮಾಡಿದರು. "ಇವರು ಮೂಲೆ ಬಿಟ್ಟು ಏಳ್ತಾನೇ ಇಲ್ಲಮ್ಮ. ಕತ್ತಿನ ಹಿಂದೆ ಏನೋ ಕಚ್ಚಿದೆ, ಹಲ್ಲಿನ ಗುರುತಿದೆ."

ತಾಯಿ ಇಲಿ ಮರಿಯನ್ನು ಕಚ್ಚಿ ಎತ್ತಿಕೊಳ್ಳುವುದು ಅಲ್ಲೇ.