ಎಲ್ಫ್ ಊಟ ಮಾಡಿದನೇ?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇನ್ನೊಬ್ಬರ ಪ್ರೀತಿಯ ಕಥೆ ಹೇಳುವಷ್ಟು ಧೈರ್ಯ ನನ್ನದಲ್ಲ. ಸರಿಯಾಗಿ ಹೇಳುತ್ತೇನೆಂಬ ನಂಬಿಕೆಯೂ ಇಲ್ಲ. ಆದರೂ ಹೇಳದೆ ಇರಲಾಗುತ್ತಿಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ...

"ನನ್ನ ಕಿವಿ ನಿಮ್ಮ ಕಥೀ ಒಳಗ ಯಾಕ ಹಾಕಿದ್ರಿ?"

ದೀಪಾಲಿಯ ಕೈಯಲ್ಲಿದ್ದ ಚಷ್ಮಾ ಗಾಜಿನ ಕೌಂಟರ್ ಮೇಲೆ ಟಪ್ಪನೆ ಬಿತ್ತು.

ಮಧ್ಯಾಹ್ನದ ಹೊತ್ತು. ಮಿರಜದ ಹತ್ತಿರದ ವಿಶ್ರಾಮಬಾಗದ ಆ ಚಷ್ಮಾ ಅಂಗಡಿಯಲ್ಲಿ ಬೇರೆ ಗಿರಾಕಿಗಳಿರಲಿಲ್ಲ. ಎದುರಿಗೆ ನಿಂತ ಯುವಕ ಅಂಥ ಬಿಸಿಲಲ್ಲೂ ಕಿವಿ ಮುಚ್ಚುವಂತೆ ತಲೆಗೆ ಕರವಸ್ತ್ರ ಕಟ್ಟಿದ್ದ. ಅದನ್ನು ನಿಧಾನವಾಗಿ ಮೇಲೆ ಸರಿಸಿದ.

ಎಡಗಿವಿಯ ಮೇಲ್ಭಾಗ ಹರಿದು, ಕೂಡಿಕೊಂಡು, ಎಲೆಯ ತುದಿಯಂತೆ ಮೊನಚಾಗಿತ್ತು.

ಆ ಕಿವಿ ಅವಳಿಗೆ ಗೊತ್ತು. ಚೆನ್ನಾಗಿ ಗೊತ್ತು!

"ಯಾ... ಯಾವ ಕಥೀರಿ? ನನಗೇನೂ ಗೊತ್ತಿಲ್ರಿ."

"ಕಡ್ಡಿ ಕಾಸಿ, ಬಗ್ಗಿಸಿ, ಕಿವಿಗೆ ಕೂಡ್ಸಿದ್ದು ನಿಮಗೂ ನನಗೂ ಇಬ್ಬರಿಗಷ್ಟ ಗೊತ್ತಿತ್ತು. ಈಗ ಎಲ್ಲಾರಿಗೂ ಗೊತ್ತಾತು." ಅವನ ದನಿ ನಡುಗುತ್ತಿತ್ತು. ಸಿಟ್ಟಿಗಿರಬೇಕು.

ಅಷ್ಟರಲ್ಲಿ ಅಜ್ಜಿಯೊಬ್ಬಳು ಬಾಗಿಲು ತಳ್ಳಿ ಒಳಬಂದಳು. ಅವನು ಗಡಬಡಿಸಿ ಕಿವಿ ಮುಚ್ಚಿಕೊಂಡ.

"ಸಂಜಿಕ ಮತ್ತ ಬರ್ತೀನಿ," ಎಂದು ಹೊರಟೇಹೋದ.

ಬರ್ತೀನಿ! ಅದೇ ಮಾತು! 'ಇವನೇ... ಆ ಬೆದರಿಕೆಯ ಕಮೆಂಟಿನವನು ಇವನೇ!'

ಒಳಗೆ ಲೆನ್ಸ್ ಉಜ್ಜುತ್ತಿದ್ದ ಗೆಳತಿ ಶೀತಲ ಇಣುಕಿದಳು. "ಯಾರ ಅಂವಾ? ಚಷ್ಮಾ ನೋಡಾಕ ಬಂದಿದ್ನೋ, ನಿನ್ನ ನೋಡಾಕೋ?"

"ಸುಮ್ನಿರ ನೀ!"

"ಅಯ್ಯ, ಮಸ್ಕರಿ ಮಾಡಿದೆ. ಮಾರಿ ಯಾಕ ಹಂಗ ಬೆಳ್ಳಗ ಆಗೇತಿ?"

ಏನೆಂದು ಹೇಳಿಯಾಳು!

'ಬೆಳದಿಂಗಳ ಕಾಡು' ಎಂಬ ಮೊಬೈಲ್ ಆಟದಲ್ಲಿ ಮೊನಚು ಕಿವಿಯ ಎಲ್ಫ್‌ಗಳು, ಅಂದರೆ ಕಾಡಿನ ಜನ, ಒಂದು ಕಡೆ. ದೇವತೆಗಳು ಇನ್ನೊಂದು ಕಡೆ. ಆಟದಲ್ಲಿ ಅವರು ಬರೀ ಹೊಡೆದಾಡುತ್ತಾರೆ. ಅದನ್ನು ಮೆಚ್ಚಿದವರು ಅದೇ ಪಾತ್ರಗಳನ್ನು ಹಿಡಿದು ತಮ್ಮದೇ ಕಥೆ ಕಟ್ಟುತ್ತಾರೆ. ದೀಪಾಲಿಯೂ ಕಟ್ಟಿದಳು, ಸುಳ್ಳು ಹೆಸರಿನಲ್ಲಿ. ಶಾಲೆ ಕಲಿತದ್ದು ಮರಾಠಿಯಲ್ಲಿ, ಕನ್ನಡ ಅಕ್ಷರ ಕಲಿತದ್ದು ಸಂಜೆಯ ತರಗತಿಯಲ್ಲಿ. ಒಂದೊಂದು ಸಾಲಿಗೂ 'ಸರಿ ಇದೆಯೋ ಇಲ್ಲವೋ' ಎಂದು ಹೆದರುತ್ತಲೇ ಬರೆದಳು. ನದಿಯ ದೇವಿ, ಅರುಯಿಲ್ ಎಂಬ ಎಲ್ಫ್‌ನನ್ನು ಪ್ರೀತಿಸುವ ಕಥೆ.

ತಂದೆ ಕಲ್ಲಯ್ಯನವರಿಗೆ ಮಿರಜ ಪೇಟೆಯಲ್ಲಿ ವಿಭೂತಿ, ಊದಿನಕಡ್ಡಿ, ಪೂಜಾ ಸಾಮಾನಿನ ಅಂಗಡಿ. ದೇವರ ಸಾಮಾನು ಮಾರುವವರ ಮಗಳು ದೇವಿಗೆ ಕಾಡಿನವನನ್ನು ಜೋಡಿ ಮಾಡಿದ್ದಾಳೆಂದು ಗೊತ್ತಾದರೆ? ಫೋನ್ ಹೋಗುತ್ತದೆ, ಕೆಲಸ ಹೋಗುತ್ತದೆ. ಕಥೆ ಅಲ್ಲಿಗೇ ಸತ್ತುಹೋಗುತ್ತದೆ!

ಆದರೆ ಓದುಗರು ಬಿಡಬೇಕಲ್ಲ! "ದೇವಿ ಅಳಬಾರದು ಅಕ್ಕಾ, ನನಗೆ ಊಟ ಸೇರುತ್ತಿಲ್ಲ!" "ಎಲ್ಫ್‌ಗೆ ತಂಗಿ ಇದ್ದರೆ ಹೇಳಿ, ನಮ್ಮಣ್ಣ ಖಾಲಿ ಇದ್ದಾನೆ!"

ಇವರ ನಡುವೆ 'ಕುಪವಾಡದ ಕೇಳುಗ' ಎಂಬುವನೊಬ್ಬ. ನಮ್ಮ ಕಡೆಯ ಹುಡುಗರಂತೆ ಕನ್ನಡವನ್ನು ಮರಾಠಿ ಅಕ್ಷರದಲ್ಲಿ ಬರೆಯುತ್ತಿದ್ದ. "ಎಲ್ಲಾ ಚಲೋ ಐತ್ರಿ. ಆದ್ರ ಅರುಯಿಲ್ ಮುಂಜಾನಿಂದ ಯುದ್ಧ ಮಾಡಾಕತ್ಯಾನ. ಊಟ ಮಾಡಿದ್ನೋ ಇಲ್ಲೋ?" ಪ್ರತಿ ಕಂತಿಗೂ ಅದೇ ಪ್ರಶ್ನೆ! ದೀಪಾಲಿ ನಕ್ಕೂ ನಕ್ಕೂ ಸಾಕಾಗಿ, ಮುಂದಿನ ಕಂತಿನಲ್ಲಿ ಎಲ್ಫ್‌ಗೆ ಜೋಳದ ರೊಟ್ಟಿ ತಿನ್ನಿಸಿದ್ದಳು.

ಆಮೇಲೆ ಒಂದು ದಿನ ಅಂಗಡಿಗೆ ಒಬ್ಬ ಬಂದ. ಎಷ್ಟೇ ಸರಿಮಾಡಿದರೂ ಚಷ್ಮಾ ಅವನ ಎಡಗಿವಿಯ ಮೇಲೆ ನಿಲ್ಲಲಿಲ್ಲ. ಅವಳು ಫ್ರೇಮಿನ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು, ಮೆತ್ತಗಾದಾಗ ಆ ಕಿವಿಯ ಅಂಕುಡೊಂಕಿಗೆ ತಕ್ಕಂತೆ ಬಗ್ಗಿಸಿ ಕೂಡಿಸಿದಳು. ಅವನು ಕಣ್ಣು ಮುಚ್ಚಿ ನಿಂತಿದ್ದ. ಬೆರಳ ಕೆಳಗೆ ಕಿವಿ ನಡುಗುತ್ತಿತ್ತು.

ಮುಂದಿನ ಕಂತಿನಲ್ಲಿ ನದಿಯ ದೇವಿ ಬೆಳ್ಳಿಯ ಕಡ್ಡಿ ಕಾಸಿ ಅರುಯಿಲ್‌ನ ಗಾಯದ ಕಿವಿಗೆ ಕಾಪು ಕಟ್ಟಿದಳು.

ಓದುಗರು ಕರಗಿದರು. ಕೆಲವರು 'ಹರಕ ಕಿವಿ ಹೀರೋ' ಎಂದು ನಕ್ಕರು. ಆ ಮಾತುಗಳ ಕೆಳಗೆ ಹೆಸರಿಲ್ಲದ ಹೊಸ ಖಾತೆಯಿಂದ, ಅದೇ ಮರಾಠಿ ಅಕ್ಷರದ ಕನ್ನಡದಲ್ಲಿ, ಒಂದು ಕಮೆಂಟು:

"ದೇವಿ ಎಲ್ಲಿ, ಕಾಡಿನಂವ ಎಲ್ಲಿ? ಕುಲ ಮರ್ತೀಯೇನು? ನೀ ಮಿರಜದಾಕಿ ಅಂತ ಗೊತ್ತೈತಿ. ಬರ್ತೀನಿ."

ಅಂದಿನಿಂದ ದೀಪಾಲಿ ಬಸ್ಸಿನಲ್ಲಿ ಯಾರ ಪಕ್ಕ ಕೂತರೂ ಅವರ ಫೋನ್ ಕಡೆ ಕಳ್ಳನೋಟ ಬೀರುತ್ತಿದ್ದಳು. ಆ ಅಕ್ಷರ ಬರೆಯುವವರು ದೂರದವರಲ್ಲ. ನಮ್ಮವರೇ... ಇಲ್ಲೇ ಇದ್ದಾರೆ...

ಇವತ್ತು ಅವನು ಬಂದೇಬಿಟ್ಟ!

ಅಜ್ಜಿ ಹೋದ ಮೇಲೆ ಅವಳು ಮೂಲೆಯಲ್ಲಿ ಕೂತು ಫೋನ್ ತೆಗೆದಳು. ಕಣ್ಣೀರು ಒರೆಸಿಕೊಳ್ಳುತ್ತ ಬರೆದಳು. ಬಾಣ ಬಂತು. ಅರುಯಿಲ್ ಬಿದ್ದ. ದೇವಿ ನದಿಗೆ ಹಿಂತಿರುಗಿದಳು. ಮುಗಿಯಿತು.

ಪ್ರಕಟಿಸಿದ್ದೇ ತಡ, ಕಮೆಂಟುಗಳು ಸುರಿದವು. "ಅಯ್ಯೋ ಯಾಕೆ?!" "ಪಾಪಿ ಲೇಖಕಿ!" "ನಾನು ಆಫೀಸಿನಲ್ಲಿ ಅಳುತ್ತಿದ್ದೇನೆ..."

ಕೊನೆಗೆ 'ಕುಪವಾಡದ ಕೇಳುಗ'.

"ಅರುಯಿಲ್‌ನ ಕೊಲ್ಲಬ್ಯಾಡ್ರಿ. ನನಗ ಕನ್ನಡ ಓದಾಕ ಬರಂಗಿಲ್ಲ. ಕಾರ್ಖಾನ್ಯಾಗ ಊಟದ ಹೊತ್ತಿಗೆ ಫೋನ್ ಓದಿ ಹೇಳ್ತೈತಿ, ಕೇಳ್ತೀನಿ. ಕಿವಿ ಕಥೀ ಕೇಳಿ ಹುಡುಗೂರು ನನ್ನ ನೋಡಿ ನಕ್ರು. ನೀವೂ ನಗಾಕ ಬರದ್ರೇನೋ ಅಂತ ಕೇಳಾಕ ಬಂದಿದ್ದೆ. ನೀವು ಅಂಜಿದ್ರಿ. ತಪ್ಪು ನಂದು. ಇನ್ನ ಬರಂಗಿಲ್ಲ."

ದೀಪಾಲಿ ಆ ಕಮೆಂಟನ್ನು ಮತ್ತೊಮ್ಮೆ ಓದಿದಳು. ಊಟ ಕೇಳುತ್ತಿದ್ದವನು... ಇವನಾ?

'ನಾನು ಯಾರನ್ನು ಕೊಂದುಬಿಟ್ಟೆ!'

"ಶೀತಲ, ಅಂಗಡಿ ನೋಡ್ಕೊ. ನಾ ಕುಪವಾಡಕ್ಕ ಹೊಂಟೇನಿ."

"ಕುಪವಾಡಕ್ಕ? ಅಲ್ಲೇನೈತಿ?"

"ಊಟ ಮಾಡಿದ್ನೋ ಇಲ್ಲೋ ಕೇಳಬೇಕು."

ಶೀತಲ ಮತ್ತೇನೋ ಕೇಳುವಷ್ಟರಲ್ಲಿ ಅವಳು ಬಾಗಿಲು ದಾಟಿಯಾಗಿತ್ತು.

ನಾಲ್ಕಾರು ಮಂದಿ ತುಂಬಿದ ಶೇರ್ ರಿಕ್ಷಾದಲ್ಲಿ ಹೊಸ ಭಯವೊಂದು ಜೊತೆಗೆ ಕೂತಿತು. ಬೆದರಿಸಿದವನು ಇವನಲ್ಲವಾದರೆ ಮತ್ಯಾರು? ಎದುರಿಗೆ ಕೂತ ಚೀಲದ ಕಾಕಾ? ನಗುತ್ತಿರುವ ಆ ಹುಡುಗಿ? ಇಳಿದು ತಿರುಗಿ ಹೋಗಿಬಿಡಲೇ ಎಂದುಕೊಂಡಳು. ಬೆರಳುಗಳು ಕಂಬಿಯನ್ನು ಗಟ್ಟಿಯಾಗಿ ಹಿಡಿದವು. ಇಳಿಯಲಿಲ್ಲ.

ಕುಪವಾಡದ ಕಾರ್ಖಾನೆಗಳ ಬಡಾವಣೆ ಎಂಐಡಿಸಿಯಲ್ಲಿ ಪಾಳಿ ಬಿಡುವ ಹೊತ್ತು. ಅವನ ಅಂಗಿಯ ಮೇಲೆ ಕಂಡಿದ್ದ ಕಾರ್ಖಾನೆಯ ಹೆಸರು ಹಿಡಿದು ಕೇಳುತ್ತ ಹೋದಳು. ಗಾಡಿಯ ಬಳಿ ಚಹಾ ಹಿಡಿದು ಅವನು ಒಬ್ಬನೇ ನಿಂತಿದ್ದ. ಅವಳನ್ನು ಕಂಡದ್ದೇ ಅವನ ಕಪ್ಪು ತುಳುಕಿತು.

"ನೀವು ಇಲ್ಲಿ? ಯಾರರ ನೋಡಿದ್ರ..."

"ನೋಡ್ಲಿ!" ಎಂದಳು. ಮರುಕ್ಷಣವೇ ಅತ್ತಿತ್ತ ನೋಡಿದಳು. "ಇಲ್ಲ, ನೋಡಬಾರ್ದು. ಲಗೂ ಹೇಳಿ ಹೋಗ್ತೀನಿ. ಮೊದಲ ನಿಮ್ಮ ಹೆಸರು ಹೇಳ್ರಿ."

"ರತ್ನದೀಪ."

"ನಗಾಕ ಬರದಿದ್ದಲ್ರಿ. ಆ ದಿವಸ ಮನಿಗೆ ಹೋದ್ರೂ ನಿಮ್ಮ ಕಿವಿ ನಡುಕ ನನ್ನ ಬೆರಳಾಗ ಉಳದಿತ್ತು. ಎಲ್ಲಿ ಇಡೂದು ಅದನ್ನ? ಕಥೀ ಒಳಗ ಇಟ್ಟೆ. ನಿಮ್ಮನ್ನ ಕೇಳಿ ಇಡಬೇಕಿತ್ತು."

ಅವನು ಕರವಸ್ತ್ರದ ಮೇಲಿಂದಲೇ ಕಿವಿ ಮುಟ್ಟಿಕೊಂಡ. ಲೋಹ ಕೊರೆಯುವ ಲೇಥ್ ಮಷಿನ್ನಿನಿಂದ ಕಾದ ಚೂರೊಂದು ಹಾರಿ ಹರಿದ ಕಿವಿ ಅದು. ಅಂದಿನಿಂದ ಅದನ್ನು ನೋಡಿದವರು ಮುಖ ತಿರುಗಿಸಿದ್ದೇ ಹೆಚ್ಚು.

"ನಮ್ಮಪ್ಪ ಮಾರೆಪ್ಪ ಹಮಾಲಿ ಮಾಡ್ತಾನ್ರಿ. ನಿಮ್ಮಂಥಾ ವಿಭೂತಿ ಹಚ್ಚೋ ಮಂದಿ ಮನ್ಯಾಗ ನಮ್ಮನ್ನ ಹೊರಗ ನಿಂದ್ರಸ್ತಾರ. ಆ ಕಮೆಂಟು ನಾನೂ ಓದೇನಿ. ದೇವಿ ಎಲ್ಲಿ, ಕಾಡಿನಂವ ಎಲ್ಲಿ... ಖರೇನ ಐತಿ."

"ಖರೇ ಅಲ್ಲ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಕಥೀ ಬರ್ಯಾಕಿ ನಾನು. ಆ ಕಮೆಂಟಿನಂವಲ್ಲ. ದೇವಿಗೆ ಯಾರು ಬೇಕು ಅಂತ ನನಗ ಗೊತ್ತು."

"ಯಾರ್ರಿ?"

"ಇಷ್ಟೂ ತಿಳಿಯಂಗಿಲ್ಲೇನ್ರಿ ನಿಮಗ?"

ಅವನು ತಲೆ ತಗ್ಗಿಸಿದ. ಆಮೇಲೆ, ಅಷ್ಟು ಜನ ಓಡಾಡುವ ರಸ್ತೆಯಲ್ಲಿ, ತಲೆಯ ಕರವಸ್ತ್ರ ಬಿಚ್ಚಿ ಕಿಸೆಗೆ ಹಾಕಿಕೊಂಡ.

"ಚಷ್ಮಾ ಸಡ್ಲ ಆಗೇತಿ," ಎಂದಳು ದೀಪಾಲಿ, ಕಣ್ಣು ತುಂಬಿಕೊಂಡು. "ನಾಳೆ ಅಂಗಡಿಗೆ ಬರ್ರಿ."

"ಬರ್ತೀನ್ರಿ. ಅರುಯಿಲ್ ಬದುಕ್ತಾನೇನು?"

"ಮುಂದಿನ ಕಂತಿನ್ಯಾಗ ಏಳ್ತಾನ. ಎದ್ದ ಕೂಡ್ಲೆ ಊಟಾ ಮಾಡ್ತಾನ."

"ದೇವಿ ಅಂಜಂಗಿಲ್ಲೇನ್ರಿ?"

"ಅಂಜ್ತಾಳ್ರಿ. ಭಾಳ ಅಂಜ್ತಾಳ. ಆದ್ರೂ ಬಂದಾಳಲ್ಲ..."

ಅರುಯಿಲ್ ಎದ್ದ. ರೊಟ್ಟಿ ತಿಂದ. ಓದುಗರು ಕುಣಿದಾಡಿದರು. ಆ ಕಂತಿನ ಕೆಳಗೂ ಹೆಸರಿಲ್ಲದ ಖಾತೆ ಬಂದು "ನೋಡಾಕತ್ತೇನಿ" ಎಂದಷ್ಟೇ ಬರೆದು ಹೋಯಿತು. ಅದು ಯಾರು? ಗೊತ್ತಿಲ್ಲ. ಅವಳು ಮಿರಜದವಳೆಂದು ಹೇಗೆ ತಿಳಿಯಿತು? ಅದೂ ಗೊತ್ತಿಲ್ಲ. ತಂದೆ ಕಲ್ಲಯ್ಯನವರ ಮುಂದೆ ಇವರಿಬ್ಬರೂ ನಿಲ್ಲುವ ದಿನ ಅವರು ಏನೆನ್ನುತ್ತಾರೋ, ಅದಂತೂ ನನಗೆ ಸ್ವಲ್ಪವೂ ಗೊತ್ತಿಲ್ಲ.